ಒಂದೇ ಗಿಡ, ಸೀಮೆಗೊಂದು ಕಾನೂನು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಎರಡರಲ್ಲಿ ಒಂದನ್ನು ಮಾಡಿದರೂ ಮನುಷ್ಯ ತಿಳಿವಳಿಕೆಯುಳ್ಳವನಾಗುತ್ತಾನೆಂಬುದು ಅವರ ಅಭಿಪ್ರಾಯವಾಗಿದ್ದಿರಬೇಕು. ಆದರೆ ನಾನು ಇಲ್ಲಿ ವಿವೇಚಿಸಲು ಹೊರಟಿರುವ ವಿಷಯದಲ್ಲಿ ಕೋಶವನ್ನು ಓದದೆ ದೇಶ ಸುತ್ತುವವನು ಸೆರೆಮನೆಯ ಬಾಗಿಲಿಗೆ ಹೋಗಿ ನಿಲ್ಲುವ ಸಂಭವವುಂಟು. ಆ ವಿಷಯವೆಂದರೆ ಭಂಗಿ ಗಿಡ. ಆ ಗಿಡದ ಬಗ್ಗೆ ನಮ್ಮ ಒಂದೊಂದು ರಾಜ್ಯವೂ ಮಾಡಿಕೊಂಡಿರುವ ಒಂದೊಂದು ಕಾನೂನು.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದೇನು ವಿಷಯವೆಂದು ಕೆಲವರು ಹುಬ್ಬೇರಿಸಬಹುದು. ನಶೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ವಯಸ್ಸಿನವರ ಬಾಳನ್ನು ಮಾದಕ ಪದಾರ್ಥಗಳು ಹೇಗೆ ಹಾಳುಮಾಡುತ್ತವೆಂಬುದನ್ನು ಬೆಂಗಳೂರಿನಲ್ಲಿ ಓದುವ ವಿದ್ಯಾರ್ಥಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆಯದು. ಒಂದು ವಸ್ತುವನ್ನು ನಿಷೇಧಿಸಿದ ಮೇಲೆ, ಯಾವುದನ್ನು ನಿಷೇಧಿಸಿದ್ದೇವೆಂದು ಜನಕ್ಕೆ ಅರ್ಥವಾಗುವ ಮಾತಿನಲ್ಲಿ ತಿಳಿಸುವ ಹೊಣೆ ಸರ್ಕಾರಕ್ಕೆ ಉಂಟೋ ಇಲ್ಲವೋ?

ಮೊದಲು ಗಿಡದ ಪರಿಚಯ ಮಾಡಿಕೊಳ್ಳೋಣ. ಇಂಗ್ಲಿಷಿನಲ್ಲಿ ‘ಹೆಂಪ್’ ಎಂಬ ಒಂದೇ ಹೆಸರು ಹಲವು ನಾರಿನ ಗಿಡಗಳಿಗೆ ಸಲ್ಲುತ್ತದೆ. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಸೆಣಬು ಬೇರೆ ಜಾತಿಯ ಗಿಡ. ಅದರಲ್ಲಿ ಅಮಲೂ ಇಲ್ಲ, ಅಪರಾಧವೂ ಇಲ್ಲ. ನಾವು ಮಾತನಾಡುತ್ತಿರುವುದು ‘ಕ್ಯಾನಬಿಸ್’ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಗಿಡವನ್ನು ಕುರಿತು. ಈ ಗಿಡದಲ್ಲಿ ಕ್ಯಾನಬಿನಾಯ್ಡುಗಳೆಂಬ ರಾಸಾಯನಿಕ ವಸ್ತುಗಳು ನೂರಕ್ಕಿಂತ ಹೆಚ್ಚಾಗಿವೆ. ಅವುಗಳಲ್ಲಿ ಎರಡು ಪ್ರಸಿದ್ಧವಾದುವು. ಟಿ.ಎಚ್.ಸಿ. ಎಂಬುದು ಅಮಲು ತರುತ್ತದೆ, ಸಿ.ಬಿ.ಡಿ. ಎಂಬುದು ಆ ಬಗೆಯ ಅಮಲು ತರುವುದಿಲ್ಲ, ಮಕ್ಕಳಲ್ಲಿ ಬರುವ ಕೆಲವು ಕಠಿಣ ಮೂರ್ಛೆರೋಗಗಳಿಗೆ ಔಷಧಿಯಾಗಿಯೂ ಒದಗಿದೆ. ಹೂವಿನ ತುದಿಯಲ್ಲಿ ಟಿ.ಎಚ್.ಸಿ. ಹೆಚ್ಚು, ಎಲೆಯಲ್ಲಿ ಕಡಮೆ, ಬೀಜದ ಒಳಗೆ ಇಲ್ಲವೆನ್ನುವಷ್ಟು ಅಲ್ಪ.

ಹೀಗೆ ಒಂದೇ ಗಿಡದಲ್ಲಿ ಬೀಜ, ಹೂ, ಎಲೆ ಎಂದು ಮೂರು ಭಾಗಗಳು. ಕಾನೂನಿನ ಕಣ್ಣಿನಲ್ಲಿ ಈ ಮೂರಕ್ಕೂ ಮೂರು ಗತಿ.

ಬೀಜದ ವಿಷಯ ಸರಳ. ಆಹಾರ ಸುರಕ್ಷತಾ ಪ್ರಾಧಿಕಾರವು ೨೦೨೧ರ ನವೆಂಬರಿನಲ್ಲಿ ಈ ಗಿಡದ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟುಗಳನ್ನು ಆಹಾರವೆಂದು ಅಂಗೀಕರಿಸಿತು. ಬೀಜದಲ್ಲಿ ಟಿ.ಎಚ್.ಸಿ. ಕಿಲೋಗ್ರಾಮಿಗೆ ೫ ಮಿಲಿಗ್ರಾಮನ್ನೂ ಎಣ್ಣೆಯಲ್ಲಿ ೧೦ ಮಿಲಿಗ್ರಾಮನ್ನೂ ಮೀರಕೂಡದೆಂದು ಕಟ್ಟು ವಿಧಿಸಿತು. ಈ ನಿಯಮ ಇಡೀ ದೇಶಕ್ಕೆ ಒಂದೇ. ಹೂವಿನ ವಿಷಯವೂ ಸರಳವೇ. ೧೯೮೫ರ ಮಾದಕ ದ್ರವ್ಯ ಹಾಗೂ ಮನೋಪರಿಣಾಮಕಾರಿ ವಸ್ತುಗಳ ಕಾಯಿದೆ, ಅಂದರೆ ವಾಡಿಕೆಯಲ್ಲಿ ಎನ್.ಡಿ.ಪಿ.ಎಸ್. ಕಾಯಿದೆ, ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿಗಳನ್ನು ‘ಗಾಂಜಾ’ ಎಂದೂ ಗಿಡದಿಂದ ಬೇರ್ಪಡಿಸಿದ ರಾಳವನ್ನು ‘ಚರಸ್’ ಎಂದೂ ಕರೆದು ಎರಡನ್ನೂ ನಿಷೇಧಿಸಿದೆ. ಇದೂ ದೇಶಕ್ಕೆಲ್ಲ ಒಂದೇ. ಉಳಿದದ್ದು ಎಲೆ. ಗಾಂಜಾದ ವ್ಯಾಖ್ಯೆಯನ್ನು ಕೊಡುವಾಗಲೇ ಅದೇ ಕಾಯಿದೆಯು, ತುದಿಗಳ ಜೊತೆಯಲ್ಲಿಲ್ಲದ ಬೀಜ ಮತ್ತು ಎಲೆಗಳನ್ನು ಹೊರತುಪಡಿಸಿ ಎಂದು ಒಂದು ಮಾತನ್ನು ಸೇರಿಸಿತು. ಆ ಒಂದು ಮಾತಿನಿಂದ ಎಲೆಯು ಕೇಂದ್ರದ ಕೈತಪ್ಪಿ ರಾಜ್ಯಗಳ ಅಂಗಳಕ್ಕೆ ಬಂದು ಬಿತ್ತು.

ಈ ವಿನಾಯಿತಿ ಆಕಸ್ಮಿಕವಾಗಿ ಬಂದುದಲ್ಲ. ಅದರ ಹಿಂದೆ ನೂರು ವರ್ಷದ ಚರಿತ್ರೆಯಿದೆ. ಬ್ರಿಟಿಷ್ ಸರ್ಕಾರ ೧೮೯೩ರಲ್ಲಿ ಈ ಗಿಡದ ಮಾದಕ ವಸ್ತುಗಳ ವಿಚಾರಣೆಗೆಂದು ಒಂದು ಆಯೋಗವನ್ನು ನೇಮಿಸಿತು. ಆಯೋಗವು ಸಾವಿರಕ್ಕೆ ಮೇಲ್ಪಟ್ಟ ಸಾಕ್ಷಿಗಳ ಹೇಳಿಕೆಗಳನ್ನು ಪಡೆದು, ೧೮೯೪ರಲ್ಲಿ ಏಳು ಸಂಪುಟಗಳ ವರದಿಯನ್ನೊಪ್ಪಿಸಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ಹತೋಟಿಗಳೇ ಮೇಲು ಎಂಬುದು ಅದರ ತೀರ್ಮಾನದ ಸಾರ. ಅನಂತರ ೧೯೬೧ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಮಾದಕ ವಸ್ತುಗಳನ್ನು ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆಯಾದಾಗ ಅಲ್ಲಿಯೂ ಎಲೆಯನ್ನು ಪ್ರತ್ಯೇಕವಾಗಿರಿಸಿ, ಅದರ ದುರ್ಬಳಕೆ ತಡೆಯುವ ಕ್ರಮವನ್ನು ಆಯಾ ದೇಶಕ್ಕೇ ಬಿಟ್ಟರು. ಕಾಶಿಯಲ್ಲಿ ಶಿವರಾತ್ರಿಗೆ, ಮಥುರೆಯಲ್ಲಿ ಹೋಳಿಗೆ ಭಂಗಿ ಅರೆದು ಕುಡಿಯುವ ನಾಡು ನಮ್ಮದು. ಇಂಥ ನಾಡು ೧೯೮೫ರಲ್ಲಿ ಕಠಿಣವಾದ ಕಾಯಿದೆಯನ್ನು ತಂದಾಗ ಎಲೆಯನ್ನು ಬಿಟ್ಟುಕೊಟ್ಟಿತೆಂದರೆ ಆಶ್ಚರ್ಯವೇನು?

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿಯ ೫೧ನೆಯ ಬಾಬು ಮದ್ಯ, ಅಫೀಮು, ಇಂಡಿಯನ್ ಹೆಂಪ್ ಮೊದಲಾದುವುಗಳ ಮೇಲಿನ ಅಬಕಾರಿ ಸುಂಕವನ್ನು ರಾಜ್ಯಗಳಿಗೆ ಕೊಟ್ಟಿದೆ. ೪೭ನೆಯ ಅನುಚ್ಛೇದವು ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯ, ಪದಾರ್ಥಗಳನ್ನು ಔಷಧೋಪಯೋಗದ ಹೊರತು ನಿಷೇಧಿಸಲು ಸರ್ಕಾರಗಳು ಪ್ರಯತ್ನಿಸಬೇಕೆನ್ನುತ್ತದೆ. ಒಂದು ಕೈಯಲ್ಲಿ ಸುಂಕದ ಸಂಚಿ, ಇನ್ನೊಂದು ಕೈಯಲ್ಲಿ ನಿಷೇಧದ ದೊಣ್ಣೆ. ಯಾವ ಕೈಯನ್ನು ಮುಂದೆ ಚಾಚಬೇಕೆಂಬುದನ್ನು ಒಂದೊಂದು ರಾಜ್ಯವೂ ತನ್ನ ಮನಸ್ಸಿಗೆ ಬಂದಂತೆ ತೀರ್ಮಾನಿಸಿಕೊಂಡಿತು.

ಉತ್ತರಪ್ರದೇಶದಲ್ಲಿ ಅಬಕಾರಿ ಇಲಾಖೆಯ ಲೈಸೆನ್ಸು ಪಡೆದ ಭಂಗಿಯಂಗಡಿಗಳಿವೆ. ರಾಜಸ್ಥಾನದ ಜೈಸಲ್ಮೇರಿನಲ್ಲಿ ಸರ್ಕಾರದ ಅನುಮತಿಯುಳ್ಳ ಅಂಗಡಿಯೆಂದು ಫಲಕ ಹಾಕಿಕೊಂಡ ಭಂಗಿಯಂಗಡಿಯನ್ನು ಪ್ರವಾಸಿಗಳು ನಿಂತು ನೋಡುತ್ತಾರೆ. ಮದ್ಯಪಾನ ನಿಷೇಧಕ್ಕೆ ಹೆಸರಾದ ಗುಜರಾತಿನ ವಿಧಾನಸಭೆಯೇ ೨೦೧೭ರ ಫೆಬ್ರವರಿಯಲ್ಲಿ ತನ್ನ ಪಾನನಿರೋಧ ಕಾಯಿದೆಯ ಹಿಡಿತದಿಂದ ಭಂಗಿಯನ್ನು ಬಿಡಿಸಿತು. ಇತ್ತ ಅಸ್ಸಾಮಿನಲ್ಲಿ ೧೯೫೮ರಷ್ಟು ಹಿಂದೆಯೇ ಗಾಂಜಾ ಮತ್ತು ಭಂಗಿ ಎರಡನ್ನೂ ಹೆಸರು ಹೇಳಿ ನಿಷೇಧಿಸಿದ ಕಾಯಿದೆಯಾಯಿತು. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಯ ಮೇರೆಗೆ ಲೈಸೆನ್ಸಿಲ್ಲದೆ ಭಂಗಿ ಇಟ್ಟುಕೊಳ್ಳುವುದು ಅಪರಾಧ. ಬೇಸಾಯದ ಮಾತಿಗೆ ಬಂದರೆ ಉತ್ತರಾಖಂಡವು ೨೦೧೮ರಲ್ಲಿ ನಾರಿಗೂ ಬೀಜಕ್ಕೂ ಈ ಗಿಡವನ್ನು ಬೆಳೆಯಲು ಪರವಾನೆ ಕೊಟ್ಟು, ಟಿ.ಎಚ್.ಸಿ. ಸೇಕಡಾ ೦.೩ನ್ನು ಮೀರಬಾರದೆಂದು ಕಟ್ಟುಮಾಡಿತು. ಹಿಮಾಚಲದ ವಿಧಾನಸಭೆ ೨೦೨೪ರಲ್ಲಿ ಹತೋಟಿಯ ಬೇಸಾಯದ ಪರವಾಗಿ ನಿರ್ಣಯ ಮಾಡಿತು.

ಈ ಭೇದಗಳು ದೂರದವೆಂದು ತಿಳಿಯಬೇಡಿ. ನಮ್ಮ ಸಹಕಾರನಗರದ ಮಗ್ಗುಲಲ್ಲಿಯೇ ಬಳ್ಳಾರಿ ರಸ್ತೆ ಹರಿದಿದೆ. ಅದೇ ೪೪ನೆಯ ರಾಷ್ಟ್ರೀಯ ಹೆದ್ದಾರಿ. ಕೊಡಿಗೇಹಳ್ಳಿ ಗೇಟಿನ ಬಳಿ ನಿಂತು ಉತ್ತರಕ್ಕೆ ಮುಖಮಾಡಿದರೆ ಆ ದಾರಿ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ದಾಟಿ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಮಧ್ಯಪ್ರದೇಶ, ಉತ್ತರಪ್ರದೇಶಗಳನ್ನು ಹಾದು ಕಾಶ್ಮೀರದವರೆಗೆ ಹೋಗುತ್ತದೆ. ರಸ್ತೆ ಒಂದೇ, ಮೇಲೆ ಬಳಿದ ಟಾರು ಒಂದೇ. ಆದರೆ ಒಂದು ಹಿಡಿ ಎಲೆಯ ಮೇಲಿನ ಕಾನೂನು ಆ ದಾರಿಯುದ್ದಕ್ಕೂ ಬಣ್ಣ ಬದಲಿಸುತ್ತ ಹೋಗುತ್ತದೆ. ಆ ದಾರಿಯಲ್ಲಿ ಕೆಳಗಿಳಿದು ಬರುವವರಾರು? ಹೆಬ್ಬಾಳ, ಬ್ಯಾಟರಾಯನಪುರ, ಯಲಹಂಕಗಳ ಸುತ್ತ ಎದ್ದು ನಿಲ್ಲುತ್ತಿರುವ ಮಹಡಿಗಳಿಗೆ ಇಟ್ಟಿಗೆ ಹೊರುವವರು, ಗಾರೆ ಕಲಸುವವರು.

ನನ್ನ ತಂದೆಯೂ ಗಾರೆ ಕೆಲಸದವರು. ಅವರ ಜೊತೆ ದುಡಿಯುವ ಬಿಹಾರದ ಹುಡುಗನೊಬ್ಬ, ನನ್ನದೇ ವಯಸ್ಸಿನವನು, ನಮ್ಮ ವಠಾರದ ಹಿಂದಿನ ಕೋಣೆಯಲ್ಲಿದ್ದಾನೆ. ಹೋಳಿಗೆ ಊರಿಗೆ ಹೋದವನು ಮರಳುವಾಗ ದಾರಿಯಲ್ಲಿ ಅಂಗಡಿಯೊಂದರಿಂದ ಭಂಗಿಯ ಗುಳಿಗೆಗಳ ಒಂದು ಪೊಟ್ಟಣವನ್ನು ಕೊಂಡು ತಂದಿದ್ದ. ಅದರ ಮೇಲೆ ಬೆಲೆ ಅಚ್ಚಾಗಿತ್ತು. ಆಯುರ್ವೇದದ ಔಷಧವೆಂದೂ ಅಚ್ಚಾಗಿತ್ತು. ಇಲ್ಲಿ ಒಂದು ರಾತ್ರಿ ತಪಾಸಣೆಯಲ್ಲಿ ಅದು ಅವನ ಜೇಬಿನಿಂದ ಹೊರಬಂತು. ಬೆಳಗಿನವರೆಗೆ ಅವನನ್ನು ಕೂರಿಸಿಕೊಂಡು, ಪೊಟ್ಟಣ ಕಿತ್ತುಕೊಂಡು, ಬೈದು ಕಳಿಸಿದರು. ಮೊಕದ್ದಮೆಯೇನೂ ಆಗಲಿಲ್ಲ, ಎರಡು ದಿನದ ಕೂಲಿ ಹೋಯಿತು, ಮುಖದ ಮೇಲಿದ್ದ ಧೈರ್ಯ ಹೋಯಿತು. ನಮ್ಮ ಮನೆಗೆ ಯಾವ ಕಾಗದ ಬಂದರೂ ಓದಿ ಹೇಳುವವನು ನಾನೇ ಆದ್ದರಿಂದ ಅವನೂ ನನ್ನ ಬಳಿಗೆ ಬಂದ. ತನ್ನ ಅರೆಬರೆ ಕನ್ನಡದಲ್ಲಿ, “ಅಣ್ಣಾ, ತಪ್ಪು ಆ ಸೊಪ್ಪಿಂದಾ, ಈ ಊರಿಂದಾ?” ಎಂದು ಕೇಳಿದ.

ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿ. ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಸಮವರ್ತಿ ಪಟ್ಟಿ ಎಂದು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವನು. ಆ ಮೂರು ಪಟ್ಟಿಗಳ ನಡುವಣ ಸಂದಿನಲ್ಲಿ ಒಬ್ಬ ಮನುಷ್ಯ ಸಿಕ್ಕಿಕೊಳ್ಳಬಹುದೆಂಬುದು ನನಗೆ ಹೊಳೆದದ್ದು ಅಂದೇ. ಅವನ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಕಾಯಿದೆಯ ಪುಸ್ತಕಗಳನ್ನು ತೆರೆದಾಗ ದೊರೆತ ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ರಾಜ್ಯದ ೧೯೬೫ರ ಅಬಕಾರಿ ಕಾಯಿದೆಯು ‘ಮಾದಕ ಔಷಧ’ ಎಂಬುದಕ್ಕೆ ಅರ್ಥ ಹೇಳುವಾಗ ಈ ಗಿಡದ ಎಲೆ, ಸಣ್ಣ ಕಾಂಡ, ಹೂವಿನ ತುದಿಗಳನ್ನೂ ಭಂಗಿ, ಸಿದ್ಧಿ, ಗಾಂಜಾ ಎಂಬ ರೂಪಗಳನ್ನೂ ಒಂದೇ ಚೀಲಕ್ಕೆ ತುಂಬಿದೆ. ಅಂದರೆ ಕೇಂದ್ರದ ಕಾಯಿದೆ ಹೊರಗಿಟ್ಟ ಎಲೆಯನ್ನು ರಾಜ್ಯದ ಕಾಯಿದೆ ಒಳಗಿಟ್ಟಿದೆ. ಅಪ್ಪಣೆಯಿಲ್ಲದೆ ಅದರ ವ್ಯವಹಾರ ಮಾಡಕೂಡದು. ಇನ್ನು ೨೦೨೨ರ ಆಗಸ್ಟಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಜಾಮೀನಿನ ಅರ್ಜಿಯನ್ನು ನೋಡಿ. ಬೆಂಗಳೂರಿನ ಬೇಗೂರು ಠಾಣೆಯವರು ಬಿಹಾರ ಮೂಲದ ಒಬ್ಬನಿಂದ ೨೯ ಕಿಲೋಗ್ರಾಂ ಭಂಗಿಯನ್ನೂ ೪೦೦ ಗ್ರಾಂ ಗಾಂಜಾವನ್ನೂ ವಶಪಡಿಸಿಕೊಂಡಿದ್ದರು. ನ್ಯಾಯಮೂರ್ತಿ ಕೆ. ನಟರಾಜನ್ ಅವರ ಏಕಸದಸ್ಯ ಪೀಠವು, ಭಂಗಿಯು ಉತ್ತರ ಭಾರತದಲ್ಲಿ ಶಿವಾಲಯಗಳ ಬಳಿ, ಲಸ್ಸಿಯ ಅಂಗಡಿಗಳಲ್ಲಿ ಸಿಗುವ ವಾಡಿಕೆಯ ಪಾನೀಯವೆಂದೂ, ಎನ್.ಡಿ.ಪಿ.ಎಸ್. ಕಾಯಿದೆಯ ಗಾಂಜಾ ವ್ಯಾಖ್ಯೆಯಲ್ಲಿ ಎಲೆ ಸೇರಿಲ್ಲವೆಂದೂ, ವಶವಾದ ಭಂಗಿಯು ಗಾಂಜಾದಿಂದಲೋ ಚರಸಿನಿಂದಲೋ ತಯಾರಾಯಿತೆಂದು ತೋರಿಸುವ ಪರೀಕ್ಷಾ ವರದಿ ಇಲ್ಲವೆಂದೂ ಕಂಡು ಜಾಮೀನು ಕೊಟ್ಟಿತು. ಇದು ಜಾಮೀನಿನ ಆದೇಶವೇ ಹೊರತು ಅಂತಿಮ ತೀರ್ಪಲ್ಲ. ಆದರೂ ಇದರ ಹಿಂದಿರುವ ಲೆಕ್ಕವನ್ನು ಗಮನಿಸಬೇಕು.

ಎನ್.ಡಿ.ಪಿ.ಎಸ್. ಕಾಯಿದೆಯಲ್ಲಿ ೧ ಕಿಲೋಗ್ರಾಂ ವರೆಗಿನ ಗಾಂಜಾ ‘ಅಲ್ಪ ಪ್ರಮಾಣ’. ಅದಕ್ಕೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ೨೦ ಕಿಲೋಗ್ರಾಂ ಎಂಬುದು ‘ವಾಣಿಜ್ಯ ಪ್ರಮಾಣ’ದ ಗಡಿ, ಅದನ್ನು ಮೀರಿದರೆ ಹತ್ತು ವರ್ಷಕ್ಕೆ ಕಡಮೆಯಿಲ್ಲದ, ಇಪ್ಪತ್ತು ವರ್ಷದವರೆಗಿನ ಕಠಿಣ ಶಿಕ್ಷೆ, ಮೇಲೆ ಒಂದು ಲಕ್ಷಕ್ಕೆ ಕಡಮೆಯಿಲ್ಲದ ದಂಡ, ಜಾಮೀನು ಸಿಗುವುದೂ ದುಸ್ತರ. ಆ ೨೯ ಕಿಲೋಗ್ರಾಮನ್ನು ಹೂವೆಂದು ತೂಗಿದರೆ ವಾಣಿಜ್ಯ ಪ್ರಮಾಣ ದಾಟಿ ಹತ್ತು ವರ್ಷದ ಬಾಗಿಲು ತೆರೆಯುತ್ತದೆ. ಎಲೆಯೆಂದು ತೂಗಿದರೆ ಆ ಕಾಯಿದೆಯ ಮಟ್ಟಿಗೆ ಅದರ ತೂಕ ಸೊನ್ನೆ. ತಕ್ಕಡಿ ಅದೇ, ಮೂಟೆ ಅದೇ. ಒಬ್ಬ ಮನುಷ್ಯನ ಹತ್ತು ವರ್ಷಗಳು ಎಲೆ ಯಾವುದು, ಹೂ ಯಾವುದು ಎಂಬ ವಿವೇಚನೆಯ ಮೇಲೆ ನಿಂತಿವೆ.

ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ನಾವು ಕನ್ನಡಿಗರು ನಮ್ಮ ಮಾತಿನಲ್ಲಿ ಹೇಗೆ ಇಟ್ಟುಕೊಂಡಿದ್ದೇವೆ? ಇಟ್ಟುಕೊಂಡೇ ಇಲ್ಲ. ಹಳ್ಳಿಯಲ್ಲಿ ಗಾಂಜಾ ಸೇದುವವನನ್ನು ‘ಭಂಗಿ ಸೇದುವವನು’ ಎನ್ನುತ್ತೇವೆ. ದಿನಪತ್ರಿಕೆಗಳಲ್ಲಿ ‘ಗಾಂಜಾ ಸೊಪ್ಪು ವಶ’ ಎಂಬ ಶಿರೋನಾಮೆಯನ್ನು ಎಷ್ಟು ಸಲ ಓದಿಲ್ಲ! ಕಾಯಿದೆಯ ದೃಷ್ಟಿಯಿಂದ ‘ಗಾಂಜಾ ಸೊಪ್ಪು’ ಎಂಬುದು ಹೆಚ್ಚು ಕಡಮೆ ‘ಹೂವಿನ ಎಲೆ’ ಎಂದಂತೆ. ಸೊಪ್ಪಾದರೆ ಅದು ಗಾಂಜಾ ಅಲ್ಲ. ಗಾಂಜಾ ಆದರೆ ಅದು ಬರಿಯ ಸೊಪ್ಪಲ್ಲ. ಪತ್ರಿಕೆಯ ಶಿರೋನಾಮೆ ಹೋಗಲಿ. ಪಂಚರ ಮುಂದೆ ಬರೆಯುವ ಮಹಜರಿನಲ್ಲಿ ಇದೇ ಮಾತು ಬಂದು ಕುಳಿತರೆ ಗತಿಯೇನು? ಆಪಾದಿತನು ಅದರ ಕೆಳಗೆ ಹೆಬ್ಬೆಟ್ಟು ಒತ್ತುತ್ತಾನೆ. ಅವನ ಪರವಾಗಿ ವಾದಿಸಬಲ್ಲ ಒಂದೇ ಒಂದು ಸಂಗತಿ, ಅಂದರೆ ಅದು ಎಲೆ ಮಾತ್ರ ಎಂಬ ಸಂಗತಿ, ಆ ಎರಡು ಶಬ್ದಗಳ ಜೋಡಣೆಯಲ್ಲಿ ಮುಳುಗಿ ಹೋಗುತ್ತದೆ. ಭಾಷೆಯ ಅಜಾಗರೂಕತೆ ಕವಿತೆಯನ್ನು ಕೆಡಿಸಿದರೆ ಓದುಗನಿಗೆ ಬೇಸರವಾದೀತು. ಕಾನೂನನ್ನು ಕೆಡಿಸಿದರೆ ಬಡವನ ಬಾಳು ಕೆಡುತ್ತದೆ.

ಈ ಗೊಂದಲವು ಉತ್ತರದಿಂದ ಬಂದವರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಲಾಗದು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಕ್ಷೇತ್ರದ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಭಾವಿಸುವ ರೂಢಿಯನ್ನು ಕುರಿತು ೨೦೨೦ರಲ್ಲಿ ಪತ್ರಿಕೆಗಳು ಬರೆದವು. ಕಾಯಿದೆಯಲ್ಲಿ ಭಕ್ತಿಗೆಂದು ಪ್ರತ್ಯೇಕ ವಿನಾಯಿತಿ ಇಲ್ಲ. ೨೦೨೩ರಲ್ಲಿ ಮಂಗಳೂರಿನಲ್ಲಿ ಭಂಗಿ ಬೆರೆತ ಚಾಕೊಲೇಟುಗಳನ್ನು ಪೋಲೀಸರು ಅಂಗಡಿಗಳಿಂದ ಜಫ್ತಿ ಮಾಡಿದರು. ಇತ್ತ ಬೆಂಗಳೂರಿನ ಕೋರಮಂಗಲದಲ್ಲಿಯೇ ೨೦೨೦ರ ಫೆಬ್ರವರಿಯಲ್ಲಿ ಈ ಗಿಡದ ಎಲೆಯ ಔಷಧಗಳನ್ನು ವೈದ್ಯರ ಸಲಹೆಯ ಮೇಲೆ ಕೊಡುವ ಚಿಕಿತ್ಸಾಲಯವೊಂದು ತೆರೆಯಿತು. ಆಯುರ್ವೇದದಲ್ಲಿ ಭಂಗಿಗೆ ‘ವಿಜಯಾ’ ಎಂಬ ಹೆಸರಿದೆ. ಔಷಧಗಳನ್ನು ಕುರಿತ ೧೯೪೫ರ ನಿಯಮಾವಳಿಯ ಅನುಸೂಚಿಯೊಂದರಲ್ಲಿ ಅದು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕ ವಿಷದ್ರವ್ಯಗಳ ಸಾಲಿನಲ್ಲಿ ಸೇರಿದೆ. ಹೀಗೆ ಒಂದೇ ರಾಜ್ಯದೊಳಗೆ ಒಂದೇ ಗಿಡ ಒಂದು ಕಡೆ ಪ್ರಸಾದ, ಒಂದು ಕಡೆ ಮಿಠಾಯಿ, ಒಂದು ಕಡೆ ಮದ್ದು, ಮತ್ತೊಂದು ಕಡೆ ಮಾಲು.

ಹೊರದೇಶದವರು ನಮಗಿಂತ ಜಾಣರೇ? ಅಮೆರಿಕದ ಸಂಯುಕ್ತ ಸಂಸ್ಥಾನದ ಕಥೆಯನ್ನು ನೋಡಿ. ಅಲ್ಲಿನ ಕೇಂದ್ರ ಶಾಸನಸಭೆ ೨೦೧೮ರಲ್ಲಿ, ಒಣತೂಕದಲ್ಲಿ ಸೇಕಡಾ ೦.೩ಕ್ಕಿಂತ ಹೆಚ್ಚು ಡೆಲ್ಟಾ-೯ ಟಿ.ಎಚ್.ಸಿ. ಇಲ್ಲದ ಗಿಡವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಬಿಡಿಸಿತು. ನಾರು ಬೀಜಗಳಿಗೆ ಅನುಕೂಲವಾಗಲೆಂಬ ಉದ್ದೇಶ ಒಳ್ಳೆಯದೇ. ಆದರೆ ವ್ಯಾಪಾರಿಗಳು ಆ ಕಾನೂನುಬದ್ಧ ಗಿಡದಿಂದ ತೆಗೆದ ಸಿ.ಬಿ.ಡಿ.ಯನ್ನು ರಾಸಾಯನಿಕ ಕ್ರಿಯೆಯಿಂದ ಡೆಲ್ಟಾ-೮ ಎಂಬ ಅಮಲಿನ ವಸ್ತುವನ್ನಾಗಿ ಮಾರ್ಪಡಿಸಿ ಮಿಠಾಯಿಗಳಲ್ಲಿ ಬೆರೆಸಿ ಮಾರತೊಡಗಿದರು. ಕೆಲವು ಸಂಸ್ಥಾನಗಳು ನಿಷೇಧಿಸಿದವು, ಕೆಲವು ವಯಸ್ಸಿನ ಕಟ್ಟು ಹಾಕಿದವು, ಕೆಲವು ಸುಮ್ಮನಿದ್ದವು. ಕ್ಯಾಲಿಫೋರ್ನಿಯ ೨೦೨೪ರಲ್ಲಿ ಇಂಥ ಆಹಾರ ಪಾನೀಯಗಳನ್ನು ತುರ್ತು ನಿಯಮದಿಂದ ತಡೆಯಿತು. ಟೆಕ್ಸಾಸಿನಲ್ಲಿ ೨೦೨೫ರಲ್ಲಿ ಶಾಸನಸಭೆ ನಿಷೇಧದ ಮಸೂದೆಯನ್ನು ಒಪ್ಪಿದರೂ ರಾಜ್ಯಪಾಲರು ಅದನ್ನು ತಳ್ಳಿಹಾಕಿದರು. ಕಡೆಗೆ ೨೦೨೫ರ ನವೆಂಬರಿನಲ್ಲಿ ಕೇಂದ್ರವೇ ಹೊಸ ಕಾನೂನು ಮಾಡಿ, ಒಂದು ಡಬ್ಬಿಯಲ್ಲಿ ಒಟ್ಟು ೦.೪ ಮಿಲಿಗ್ರಾಮಿಗಿಂತ ಹೆಚ್ಚು ಟಿ.ಎಚ್.ಸಿ. ಇರಕೂಡದೆಂದು, ಒಂದು ವರ್ಷದ ಗಡುವಿನೊಡನೆ ವಿಧಿಸಿತು. ನಮ್ಮ ೧೯೮೫ರ ಕಾಯಿದೆಯ ಅನುಸೂಚಿ ಟಿ.ಎಚ್.ಸಿ.ಯ ಹಲವು ರೂಪಗಳನ್ನು, ಡೆಲ್ಟಾ-೮ನ್ನೂ ಸೇರಿಸಿ, ಹೆಸರಿಸಿಯೇ ಇಟ್ಟಿರುವುದರಿಂದ ಆ ಕಿಂಡಿ ನಮ್ಮಲ್ಲಿಲ್ಲ. ಆದರೆ ಪಾಠ ಇಬ್ಬರಿಗೂ ಒಂದೇ: ಕಾನೂನಿನ ಮಾತು ಸಡಿಲವಾದಲ್ಲಿ ಮೊದಲು ನುಗ್ಗುವವನು ಜಾಣ ವ್ಯಾಪಾರಿ, ಕೊನೆಗೆ ಸಿಕ್ಕಿಬೀಳುವವನು ಅರಿಯದ ಗಿರಾಕಿ.

ಹಾಗಾದರೆ ದೇಶಕ್ಕೆಲ್ಲ ಒಂದೇ ಕಾನೂನು ಮಾಡಿಬಿಡೋಣವೆ? ಈ ಸಲಹೆ ಕೇಳುವುದಕ್ಕೆ ಇಂಪಾಗಿದೆ, ನಾನು ಒಪ್ಪಲಾರೆ. ಹಿಮಾಲಯದ ತಪ್ಪಲಲ್ಲಿ ಈ ಗಿಡ ಬೇಲಿಯ ಬದಿಯಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿನವರು ಅದರ ನಾರಿನಿಂದ ಹಗ್ಗ ಹೊಸೆದರು, ಬೀಜದಿಂದ ಚಟ್ನಿ ಅರೆದರು. ನಮ್ಮ ಬಯಲುಸೀಮೆಯ ಬದುಕಿನಲ್ಲಿ ಅದಕ್ಕೆ ಅಂಥ ಸ್ಥಾನವಿಲ್ಲ. ಕಾಶಿಯವರ ಹಬ್ಬ ಅಸ್ಸಾಮಿಗೂ, ಅಸ್ಸಾಮಿನವರ ಅಂಜಿಕೆ ಕಾಶಿಗೂ ಬೇಕಾಗಿಲ್ಲ. ಒಕ್ಕೂಟವೆಂದರೆ ಇದೇ ಅಲ್ಲವೆ? ರಾಜ್ಯರಾಜ್ಯಗಳಿಗೆ ಭೇದವಿರಲಿ. ಆ ಭೇದವನ್ನು ಗಡಿ ದಾಟುವವನಿಗೆ ತಿಳಿಸದೆ ಇರುವುದು ಮಾತ್ರ ಅನ್ಯಾಯ.

ಕಾನೂನು ತಿಳಿಯದೆಂಬುದು ನೆಪವಾಗಲಾರದು ಎಂಬ ಸೂತ್ರವನ್ನು ನಮ್ಮ ಅಧ್ಯಾಪಕರು ಹೇಳಿಕೊಟ್ಟಿದ್ದಾರೆ. ಸೂತ್ರ ಸರಿಯೆ. ಆದರೆ ತಿಳಿಸುವವನು ತಿಳಿಸಿದ್ದಾಗ ಮಾತ್ರ ಅದಕ್ಕೆ ನೈತಿಕ ಬಲ ಬರುತ್ತದೆ. ಒಂದು ರಾಜ್ಯದ ಸರ್ಕಾರ ಲೈಸೆನ್ಸು ಕೊಟ್ಟು, ಸುಂಕ ವಸೂಲು ಮಾಡಿ ಮಾರಿಸಿದ ವಸ್ತುವನ್ನು ಇನ್ನೊಂದು ರಾಜ್ಯದ ಸರ್ಕಾರ ಅದೇ ಗಿರಾಕಿಯ ಜೇಬಿನಿಂದ ತೆಗೆದು ಅಪರಾಧವೆಂದರೆ, ಎರಡು ಸರ್ಕಾರಗಳೂ ಒಂದೇ ಸಂವಿಧಾನದ ಮಕ್ಕಳೆಂಬುದನ್ನು ಅವನು ಹೇಗೆ ನಂಬಬೇಕು?

ಇಷ್ಟು ಸ್ಪಷ್ಟತೆ ತಂದರೆ ನಶೆಯವರಿಗೆ ಸಲಿಗೆ ಕೊಟ್ಟಂತಾಗದೆ ಎಂದು ಕೆಲವರು ಶಂಕಿಸಬಹುದು. ಇಂದಿನ ಮಬ್ಬು ಯಾರಿಗೆ ಉಪಕಾರಿ? ವಕೀಲರನ್ನಿಡಬಲ್ಲ ದೊಡ್ಡ ಸಾಗಣೆಗಾರನಿಗೆ. ಎಲೆಯೋ ಹೂವೋ ಎಂಬ ಸಂದೇಹವನ್ನೇ ಹಿಡಿದು ಅವನು ಪಾರಾಗುತ್ತಾನೆ. ವಕೀಲರ ಮನೆಯ ಮೆಟ್ಟಿಲು ಹತ್ತಲಾರದವನಿಗೆ ಅದೇ ಸಂದೇಹ ಉರುಳಾಗುತ್ತದೆ. ಸ್ಪಷ್ಟವಾದ ಕಾನೂನು ಕಠಿಣವಾಗಿಯೂ ಇರಬಹುದು. ಕರ್ನಾಟಕವು ಎಲೆಯನ್ನೂ ಪೂರ್ತಿಯಾಗಿ ನಿಷೇಧಿಸುವುದಾದರೆ ನಿಷೇಧಿಸಲಿ. ಆದರೆ ಹಾಗೆಂದು ಗಟ್ಟಿಯಾಗಿ, ಕನ್ನಡದಲ್ಲಿ ಹೇಳಲಿ.

ನನಗೆ ತೋಚಿದ ಮೂರು ಸಲಹೆಗಳಿವೆ. ಮೊದಲನೆಯದಾಗಿ, ನಮ್ಮ ಅಬಕಾರಿ ಇಲಾಖೆಯು ಬೀಜ, ಎಲೆ, ಹೂ, ಔಷಧ ಎಂಬ ನಾಲ್ಕು ಶೀರ್ಷಿಕೆಗಳ ಕೆಳಗೆ ಈ ರಾಜ್ಯದಲ್ಲಿ ಏನು ಸಲ್ಲುತ್ತದೆ, ಏನು ಸಲ್ಲದು ಎಂದು ಒಂದು ಪುಟದ ಪ್ರಕಟನೆಯನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಅಚ್ಚುಮಾಡಿಸಿ ರೈಲು ನಿಲ್ದಾಣ, ಬಸ್ಸು ನಿಲ್ದಾಣ, ಕಟ್ಟಡ ಕೆಲಸದ ಬಿಡಾರಗಳಲ್ಲಿ ಅಂಟಿಸಬೇಕು. ಎರಡನೆಯದಾಗಿ, ಮಹಜರುಗಳಲ್ಲಿ ‘ಗಾಂಜಾ ಸೊಪ್ಪು’ ಎಂಬ ಮಾತು ನಿಂತು, ‘ಎಲೆ’, ‘ಹೂವಿನ ತುದಿ’, ‘ಮಿಶ್ರಣ’ ಎಂದು ಕಂಡದ್ದನ್ನು ಕಂಡಂತೆ ಬರೆಯುವ ಪದ್ಧತಿ ಬರಬೇಕು. ಪ್ರಯೋಗಾಲಯದ ವರದಿಯೂ ಅದೇ ಮಾತುಗಳಲ್ಲಿ ಬೇಗ ಬರಬೇಕು. ಮೂರನೆಯದಾಗಿ, ಭಂಗಿಯನ್ನು ಲೈಸೆನ್ಸಿನ ಮೇಲೆ ಮಾರಿಸುವ ರಾಜ್ಯಗಳು ಪೊಟ್ಟಣದ ಮೇಲೆ, ಈ ರಾಜ್ಯದ ಗಡಿಯಾಚೆ ಇದನ್ನು ಒಯ್ಯುವುದು ಅಪರಾಧವಾಗಬಹುದು ಎಂದು ಒಂದು ಸಾಲು ಅಚ್ಚುಹಾಕಿಸಬೇಕು. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಬೀಡಿಯ ಕಟ್ಟಿನ ಮೇಲೆ ಎಚ್ಚರಿಕೆ ಅಚ್ಚಾಗುವ ದೇಶದಲ್ಲಿ ಇದು ಅಸಾಧ್ಯವೆ?

ಸರ್ಕಾರ ಮಾಡಲಿ ಎಂದು ನಾವು ಕೈಕಟ್ಟಿ ಕುಳಿತಿರಬೇಕಾಗಿಯೂ ಇಲ್ಲ. ಕಲಾ ಕಾಲೇಜಿನ ಪದವಿಯಿಂದ ಏನು ಉಪಯೋಗವೆಂದು ನಮ್ಮನ್ನು ಬಹಳ ಮಂದಿ ಕೇಳುತ್ತಾರೆ. ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಹೊಸ್ತಿಲಿಗೆ ಬಂದ ನನ್ನಂಥವರನ್ನಂತೂ ದಿನವೂ ಕೇಳುತ್ತಾರೆ. ಕಾಯಿದೆಯ ಕನ್ನಡವನ್ನು ಜನದ ಕನ್ನಡಕ್ಕೆ ತರುವುದು ಒಂದು ಉಪಯೋಗವಲ್ಲವೆ? 

ಆ ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೆ: ಕೇಂದ್ರದ ದೊಡ್ಡ ಕಾಯಿದೆ ಬರಿಯ ಎಲೆಯನ್ನು ಹಿಡಿಯುವುದಿಲ್ಲ, ಈ ರಾಜ್ಯದ ಅಬಕಾರಿ ಕಾಯಿದೆ ಹಿಡಿಯುತ್ತದೆ, ಪೊಟ್ಟಣದೊಳಗೆ ಎಲೆಯ ಜೊತೆ ಮತ್ತೇನಿದೆಯೆಂದು ಹೊರಗಿನ ಚೀಟಿ ನೋಡಿ ಯಾರೂ ಹೇಳಲಾರರು, ಆದ್ದರಿಂದ ಇನ್ನು ತರಬೇಡ. ಅವನು ತಲೆಯಾಡಿಸಿ, ತನ್ನ ಬಿಡಾರದ ಇನ್ನೂ ನಾಲ್ವರಿಗೆ ಇದನ್ನು ಹೇಳಬೇಕೆಂದು ನನ್ನನ್ನು ಕರೆದುಕೊಂಡು ಹೋದ. ಅಲ್ಲಿ ಕುಳಿತು ಹೇಳಲು ನನಗೆ ಹಿಡಿದದ್ದು ಕಾಲು ಗಂಟೆ. ಒಂದು ಸರ್ಕಾರಕ್ಕೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯಬೇಕಾದ ಕಾರಣವಿಲ್ಲ.